ಬಸ್ ಬೋರ್ಡಿನಿಂದ ಶುರು ಮಾಡಿ: ನಿಮ್ಮ ಏರಿಯಾದಲ್ಲಿ ದೊಡ್ಡವರಿಗೆ ಓದು-ಬರಹದ ಕ್ಲಾಸ್ ನಡೆಸುವುದು ಹೇಗೆ

ನಾವು ಬೆಂಗಳೂರಿನ ಲಗ್ಗೆರೆ ಕಡೆಯ ಒಂದು ಚಿಕ್ಕ ಗುಂಪು. ಮನೆಗೆಲಸ, ಗಾರ್ಮೆಂಟ್ಸ್, ಸೊಪ್ಪಿನ ವ್ಯಾಪಾರ ಅಂತ ದುಡಿಯುವ ಹೆಂಗಸರಿಗೆ ಕನ್ನಡ ಓದೋಕೆ ಬರೆಯೋಕೆ ಹೇಳಿಕೊಡುತ್ತೇವೆ. ಯಾರಿಗೂ ಸಂಬಳ ಇಲ್ಲ, ಆಫೀಸೂ ಇಲ್ಲ. "ನಮ್ಮ ಏರಿಯಾದಲ್ಲೂ ಮಾಡಬೇಕು, ಎಲ್ಲಿಂದ ಶುರು ಮಾಡೋದು" ಅಂತ ಫೋನ್ ಮಾಡುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಪ್ರತಿ ಸಲ ಅರ್ಧ ಗಂಟೆ ಅದನ್ನೇ ಹೇಳಿ ಸಾಕಾಯಿತು. ಅದಕ್ಕೇ ಎಲ್ಲಾ ಒಂದೇ ಕಡೆ ಬರೆದಿಡುತ್ತಿದ್ದೇನೆ, ನಾವು ಮಾಡಿದ ತಪ್ಪುಗಳನ್ನೂ ಸೇರಿಸಿ.

"ಬೆಂಗಳೂರಲ್ಲಿ ಓದು ಬಾರದವರು ಇನ್ನೂ ಇದ್ದಾರಾ?" ಅಂತ ಕೇಳುವವರೂ ಇದ್ದಾರೆ. 2011ರ ಜನಗಣತಿ ಪ್ರಕಾರ ಬೆಂಗಳೂರು ನಗರ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 88. ಅಂದರೆ ಏಳು ವರ್ಷ ತುಂಬಿದ ಎಂಟು ಜನರಲ್ಲಿ ಒಬ್ಬರಿಗೆ ಓದು ಬಾರದು. ಇಡೀ ರಾಜ್ಯದ ಹೆಂಗಸರ ಲೆಕ್ಕ ತೆಗೆದರೆ ಶೇ. 68. ಗಣತಿಗೆ ಬಂದವರು ಪೇಪರ್ ಕೊಟ್ಟು ಓದಿಸಿ ನೋಡುವುದಿಲ್ಲ, ಮನೆಯವರು ಹೇಳಿದ್ದನ್ನೇ ಬರೆದುಕೊಳ್ಳುತ್ತಾರೆ ಅನ್ನುವುದನ್ನೂ ನೆನಪಿಡಿ. ಸಹಿ ಹಾಕಲು ಕಲಿತು, ಆ ಸಹಿ ಬಿಟ್ಟು ಬೇರೊಂದು ಅಕ್ಷರ ಗೊತ್ತಿಲ್ಲದವರು ನಮ್ಮ ಬೀದಿಯಲ್ಲೇ ಬೇಕಾದಷ್ಟಿದ್ದಾರೆ.

ಹೆಜ್ಜೆ 1: ಜನರನ್ನು ಹುಡುಕುವುದು

ಪಾಂಪ್ಲೆಟ್ ಅಚ್ಚು ಹಾಕಿಸಬೇಡಿ. ನಗಬೇಡಿ, ನಾವು ಹಾಕಿಸಿದ್ದೆವು! ಓದಲು ಬಾರದವರು ಬನ್ನಿ ಅಂತ ಓದಲು ಬಾರದವರ ಕೈಗೆ ಕಾಗದ ಕೊಟ್ಟು ಬಂದಿದ್ದೆವು. ಒಬ್ಬರೂ ಬರಲಿಲ್ಲ.

ರೇಷನ್ ಅಂಗಡಿ ಕ್ಯೂ, ಅಂಗನವಾಡಿ ಬಾಗಿಲು, ಸ್ತ್ರೀಶಕ್ತಿ ಸಂಘದ ವಾರದ ಮೀಟಿಂಗ್, ಇಲ್ಲಿ ಹೋಗಿ ನಿಲ್ಲಿ. ಅಂಗನವಾಡಿ ಟೀಚರ್ ಮತ್ತು ಆಶಾ ಕಾರ್ಯಕರ್ತೆಗೆ ಇಡೀ ಬೀದಿಯೇ ಗೊತ್ತಿರುತ್ತದೆ, ಮೊದಲು ಅವರನ್ನು ಮಾತಾಡಿಸಿ. "ನಿಮಗೆ ಓದೋಕೆ ಬರುತ್ತಾ?" ಅಂತ ಮಾತ್ರ ಯಾರನ್ನೂ ಕೇಳಬೇಡಿ. ನಾಲ್ಕು ಜನರ ಮುಂದೆ ಆ ಪ್ರಶ್ನೆಗೆ ಎಲ್ಲರೂ "ಓ ಬರುತ್ತೆ" ಅಂತಲೇ ಹೇಳುವುದು. "ಅಕ್ಕಾ, ಬ್ಯಾಂಕಲ್ಲಿ ಚಲನ್ ಯಾರು ಬರೆದುಕೊಡ್ತಾರೆ?" ಅಂತ ಕೇಳಿ. ಆಗ ಮಾತು ತಾನಾಗಿ ಬರುತ್ತದೆ. ಗೃಹಲಕ್ಷ್ಮಿ ದುಡ್ಡು ಬಂತೋ ಇಲ್ಲವೋ ನೋಡಲು ಪಕ್ಕದ ಮನೆ ಹುಡುಗನ ಕೈಗೆ ಫೋನ್ ಕೊಡಬೇಕು, ಎರಡು ಸಾವಿರ ಬಂದಿದೆ ಅಂತ ಅವನಿಗೂ ಗೊತ್ತಾಗುತ್ತದೆ, ಅವನ ಮೂಲಕ ಇಡೀ ವಠಾರಕ್ಕೂ ಗೊತ್ತಾಗುತ್ತದೆ. ನಮ್ಮ ಕ್ಲಾಸಿಗೆ ಬಂದವರಲ್ಲಿ ಅರ್ಧಕ್ಕರ್ಧ ಜನ ಹೇಳಿದ ಕಾರಣ ಇದೇ. ಸಾಕ್ಷರತೆ ಅನ್ನುವ ಪದವನ್ನು ಯಾರೂ ಬಳಸಲಿಲ್ಲ.

ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವವರು ಬರುತ್ತಾರೆ. ಯಾವ ಭಾಷೆ ಓದಬೇಕು ಅಂತ ಅವರನ್ನೇ ಕೇಳಿ. ನಮ್ಮಲ್ಲಿ ಬಹುತೇಕ ಎಲ್ಲರೂ ಕನ್ನಡವೇ ಬೇಕು ಅಂದರು, ಬಸ್ಸಲ್ಲಿ ಇರುವುದು ಅದೇ ಅಲ್ವಾ ಅಂತ. ತೆಲುಗು ಸ್ವಲ್ಪ ಓದಿಕೊಂಡವರು ಸಿಕ್ಕರೆ ನಿಮ್ಮ ಅದೃಷ್ಟ. ಎರಡು ಲಿಪಿಗಳೂ ಅಕ್ಕ ತಂಗಿಯರು, ತಲೆಕಟ್ಟಿನ ವ್ಯತ್ಯಾಸ ಹೇಳಿಕೊಟ್ಟರೆ ಅವರು ಓಡುತ್ತಾರೆ.

ಹೆಜ್ಜೆ 2: ಜಾಗ ಮತ್ತು ಟೈಮ್

ಜಾಗ ಸುಲಭ. ಸಂಜೆ ನಾಲ್ಕರ ಮೇಲೆ ಅಂಗನವಾಡಿ ಖಾಲಿ ಇರುತ್ತದೆ. ಸರ್ಕಾರಿ ಶಾಲೆಯ ರೂಮ್ ಬೇಕಾದರೆ ಹೆಡ್‌ಮಾಸ್ಟರ್ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ ಒಂದು ಅರ್ಜಿ ಕೊಡಿ. ದೇವಸ್ಥಾನದ ಹಾಲ್ ಪುಕ್ಕಟೆ ಸಿಗುತ್ತದೆ, ಆದರೆ ಅಲ್ಲಿ ಮಾಡಿದರೆ ಸಾಬರ ಮನೆಯ ಹೆಂಗಸರು ಬರುವುದಿಲ್ಲ. ಮುಟ್ಟಿನ ದಿನ ಉಳಿದವರೂ ಬರುವುದಿಲ್ಲ, ತಿಂಗಳಿಗೆ ಮೂರ್ನಾಲ್ಕು ಕ್ಲಾಸ್ ಹಾಗೇ ಹೋಗುತ್ತದೆ. ಟಾಯ್ಲೆಟ್ ಇದೆಯಾ, ವಾಪಸ್ ಹೋಗುವ ದಾರಿಯಲ್ಲಿ ಬೀದಿ ದೀಪ ಉರಿಯುತ್ತದಾ, ಇಷ್ಟು ನೋಡಿ ಸಾಕು.

ಕಷ್ಟ ಇರುವುದು ಟೈಮಿನಲ್ಲಿ. ಮನೆಗೆಲಸಕ್ಕೆ ಹೋಗುವವರಿಗೆ ಬಿಡುವು ಮಧ್ಯಾಹ್ನ ಎರಡೂವರೆಯಿಂದ ನಾಲ್ಕು. ಗಾರ್ಮೆಂಟ್ಸ್‌ನವರು ಸಂಜೆ ಮನೆಗೆ ಬಂದು, ಅಡುಗೆ ಮಾಡಿ, ಎಂಟರ ಸೀರಿಯಲ್ ಶುರುವಾಗುವ ಹೊತ್ತಿಗೆ ಕೂತಲ್ಲೇ ತೂಕಡಿಸುತ್ತಾರೆ. ಅವರಿಗೆ ಭಾನುವಾರ ಬಿಟ್ಟರೆ ಬೇರೆ ದಾರಿ ಇಲ್ಲ. ಯಾದಗಿರಿ, ರಾಯಚೂರು ಕಡೆಯಿಂದ ಬಂದು ಬಿಲ್ಡಿಂಗ್ ಸೈಟಿನ ಶೆಡ್‌ಗಳಲ್ಲಿ ಇರುವವರಿಗೆ ಕ್ಲಾಸ್ ಅಲ್ಲೇ ಹೋಗಿ ಮಾಡಬೇಕು. ಬಿಲ್ಡಿಂಗ್ ಮುಗಿದ ದಿನ ನಿಮ್ಮ ಬ್ಯಾಚ್ ಕೂಡ ಮುಗಿಯುತ್ತದೆ, ಅದಕ್ಕೆ ತಯಾರಿರಿ.

ಇನ್ನೊಂದು ವಿಷಯ ಯಾವ ಟ್ರೈನಿಂಗ್‌ನಲ್ಲೂ ಹೇಳಿಕೊಡಲ್ಲ: ನೀರು. ಕಾವೇರಿ ನೀರು ಬಿಡುವ ದಿನ ಕ್ಲಾಸ್ ಇಡಬೇಡಿ. ಮೊದಲ ಎರಡು ತಿಂಗಳು ಮಂಗಳವಾರ ಯಾಕೆ ಯಾರೂ ಬರಲ್ಲ ಅಂತ ನಾವು ತಲೆ ಕೆಡಿಸಿಕೊಂಡು, ಪಾಠ ಬೋರ್ ಆಗಿದೆಯೇನೋ ಅಂತ ಚಾರ್ಟ್, ಆಟ ಎಲ್ಲ ತಯಾರು ಮಾಡಿದ್ದೆವು. ಕೊನೆಗೆ ಒಬ್ಬಾಕೆ, "ಮಿಸ್, ಮಂಗ್ಳಾರ ನೀರು ಬತ್ತದೆ, ಡ್ರಮ್ ತುಂಬೋರು ಯಾರು?" ಅಂದರು. ಕ್ಲಾಸಿನ ದಿನ ಬದಲಾಯಿಸಿದೆವು. ಮರುವಾರ ರೂಮ್ ತುಂಬಿತು.

ಹೆಜ್ಜೆ 3: ಹೇಳಿಕೊಡುವವರು

ಹತ್ತು ಹನ್ನೆರಡು ಜನರ ಬ್ಯಾಚಿಗೆ ಇಬ್ಬರು ಬೇಕೇ ಬೇಕು. ಒಬ್ಬರು ರಜ ಹಾಕಿದರೂ ಕ್ಲಾಸ್ ನಿಲ್ಲಬಾರದು. ಬಂದವರು ಬೀಗ ನೋಡಿಕೊಂಡು ವಾಪಸ್ ಹೋದರೆ, ಮುಂದಿನ ಸಲ ಅವರಲ್ಲಿ ಅರ್ಧ ಜನ ಬರುವುದಿಲ್ಲ.

ನಡೆದುಕೊಂಡೋ ಗಾಡಿಯಲ್ಲೋ ಇಪ್ಪತ್ತು ನಿಮಿಷದಲ್ಲಿ ಬರುವವರನ್ನು ಮಾತ್ರ ಸೇರಿಸಿಕೊಳ್ಳಿ. ವೈಟ್‌ಫೀಲ್ಡ್‌ನಿಂದ ಲಗ್ಗೆರೆಗೆ ಬರುತ್ತೇನೆ ಅಂದ ಹುಡುಗನ ಮನಸ್ಸು ಒಳ್ಳೆಯದೇ, ಆದರೆ ಮೂರನೇ ವಾರ ಟ್ರಾಫಿಕ್ ಅವನನ್ನು ಸೋಲಿಸುತ್ತದೆ. ಅಂಥವರಿಗೆ ಮನೆಯಲ್ಲಿ ಕೂತು ಮಾಡುವ ಕೆಲಸ ಕೊಡಿ, ಕಾರ್ಡ್ ಬರೆಯುವುದು, ಲೆಕ್ಕ ಇಡುವುದು. ಕನಿಷ್ಠ ಆರು ತಿಂಗಳು ಬರುತ್ತೇನೆ ಅಂತ ಬಾಯಿ ಬಿಟ್ಟು ಹೇಳಿಸಿಕೊಳ್ಳಿ.

ರಿಟೈರ್ಡ್ ಮೇಷ್ಟ್ರು ಸಿಕ್ಕರೆ ಶಿಸ್ತು ಚೆನ್ನಾಗಿರುತ್ತದೆ, ಆದರೆ ಗದರುವ ಅಭ್ಯಾಸ ಬಿಡಿಸಬೇಕು. ಐವತ್ತು ವರ್ಷದ ಹೆಂಗಸನ್ನು "ಏ, ಏನು ಬರೆದಿದ್ದೀಯ" ಅಂದರೆ ಮುಗಿಯಿತು. ಎಲ್ಲರನ್ನೂ ಅಕ್ಕ, ಅಮ್ಮ ಅಂತಲೇ ಕರೆಯಿರಿ, ನೀವು ಅಂತಲೇ ಮಾತಾಡಿಸಿ. ಅವರು ಇಪ್ಪತ್ತು ವರ್ಷದ ಕಾಲೇಜು ಹುಡುಗಿಯನ್ನೂ ಮಿಸ್ ಅಂತಲೇ ಕರೆಯುತ್ತಾರೆ, ಇರಲಿ ಬಿಡಿ.

ಒಂದು ಕಹಿ ಅನುಭವ. ಒಂದು ಕಂಪನಿಯವರು ಶನಿವಾರ ಬಂದು ಸಹಾಯ ಮಾಡುತ್ತೇವೆ ಅಂದರು. ಖುಷಿಯಿಂದ ಒಪ್ಪಿಕೊಂಡೆವು. ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ನಲವತ್ತು ಜನ ಬಂದರು, ಬ್ಯಾನರ್ ಕಟ್ಟಿದರು. ನಮ್ಮವರು ಹನ್ನೊಂದೇ ಜನ. ಒಬ್ಬೊಬ್ಬರ ಸುತ್ತ ಮೂವರು ನಿಂತು ಸ್ಲೇಟ್ ಹಿಡಿಸಿ ಫೋಟೋ ತೆಗೆದರು. ಮುಂದಿನ ವಾರ ಬಂದವರು ನಾಲ್ಕು ಜನ. ಒಬ್ಬರ ಗಂಡ, "ನಮ್ ಮನೆಯವಳ ಫೋಟೋ ಯಾರ್ಯಾರ ಫೋನಲ್ಲಿ ಇದೆಯೋ" ಅಂತ ಬಂದು ಜಗಳ ಮಾಡಿದರು, ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಂದಿನಿಂದ ಕ್ಲಾಸಿನೊಳಗೆ ಫೋಟೋ ಇಲ್ಲ. ದುಡ್ಡು ಕೊಡುವವರು ಕೇಳಿದರೂ ಇಲ್ಲ.

ಹೆಜ್ಜೆ 4: ಮೊದಲು ಕಣ್ಣು, ಆಮೇಲೆ ಅಕ್ಷರ

ಮೊದಲ ಬ್ಯಾಚಿನಲ್ಲಿ ಒಬ್ಬ ಅಮ್ಮ ಇದ್ದರು. ಬೋರ್ಡಿನ ಮೇಲೆ ಬರೆದದ್ದನ್ನು ಟಕ್ಕಂತ ಓದುತ್ತಿದ್ದರು, ಪುಸ್ತಕ ಕೊಟ್ಟರೆ ಸುಮ್ಮನಾಗುತ್ತಿದ್ದರು. ಒಂದು ತಿಂಗಳು ಹೀಗೇ ಹೋಯಿತು. ನಾವು ಜ್ಞಾಪಕಶಕ್ತಿ ಕಮ್ಮಿ ಅಂದುಕೊಂಡೆವು, ಎಂಥ ದಡ್ಡರು ನೋಡಿ. ಒಂದು ದಿನ ಅವರು ಪುಸ್ತಕವನ್ನು ಕೈ ಉದ್ದಕ್ಕೆ ಚಾಚಿ, ಕುತ್ತಿಗೆ ಹಿಂದಕ್ಕೆ ಮಾಡಿ ನೋಡುತ್ತಿದ್ದಾಗ ಹೊಳೆಯಿತು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಸಹಜ. ಓದುವ ಅಭ್ಯಾಸವೇ ಇಲ್ಲದವರಿಗೆ ಕಣ್ಣು ಮಸುಕಾಗಿದ್ದು ಗೊತ್ತೂ ಆಗಿರುವುದಿಲ್ಲ. ಸೂಜಿಗೆ ದಾರ ಪೋಣಿಸೋಕೆ ಮಗಳನ್ನು ಕರೆಯುತ್ತಿದ್ದೆ ಅಂತ ಆಮೇಲೆ ಹೇಳಿದರು.

ಈಗ ಮೊದಲ ದಿನವೇ ಎಲ್ಲರಿಗೂ ಒಂದು ಸೂಜಿ, ಒಂದು ದಾರ ಕೊಡುತ್ತೇವೆ. ಪೋಣಿಸಲು ಆಗದವರನ್ನು ಪಾಠಕ್ಕಿಂತ ಮೊದಲು ಕಣ್ಣು ತೋರಿಸಲು ಕರೆದುಕೊಂಡು ಹೋಗುತ್ತೇವೆ. ಸರ್ಕಾರದ್ದು ಬೇಕೆಂದರೆ ಮಿಂಟೋ ಕಣ್ಣಾಸ್ಪತ್ರೆ ಇದೆ. ಒಂದು ಬೆಳಿಗ್ಗೆ ಪೂರ್ತಿ ಹೋಗುತ್ತದೆ, ನಾಲ್ಕೈದು ಜನ ಒಟ್ಟಿಗೆ ಹೋಗಿ.

ಹೆಜ್ಜೆ 5: ಅಕ್ಷರ ಕಲಿಸುವುದು

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಎಲ್ಲರೂ ಮುಗ್ಗರಿಸುವುದು ಇಲ್ಲೇ.

ಅ ಆ ಇ ಈ ಅಂತ ಶುರು ಮಾಡಬೇಡಿ. ವರ್ಣಮಾಲೆಯಲ್ಲಿ 49 ಅಕ್ಷರ ಇವೆ, ಅದರಲ್ಲಿ ಙ, ಞ ಅಂಥವು ಬಸ್ಸಲ್ಲೂ ಬಾರವು, ಬಿಲ್ಲಲ್ಲೂ ಬಾರವು. 49 ಮುಗಿಸಿ, ಕಾಗುಣಿತ ಮುಗಿಸಿ, ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಆರು ತಿಂಗಳು ಕಳೆದು ಕ್ಲಾಸಿನಲ್ಲಿ ಇಬ್ಬರು ಉಳಿದಿರುತ್ತಾರೆ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿಯಲ್ಲಿ ಬೇರೆ ಕ್ರಮ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಅಲ್ಲಿ ಮೊದಲು ರ, ಗ, ಸ, ದ, ಅ. ಬರೆಯಲು ಕೈಗೆ ಹತ್ತಿರ, ಐದರಲ್ಲೇ ಸರ, ದರ, ಅರಸ, ಅಗಸ, ಗರಗಸ ಅಂತ ಪದಗಳು ಸಿಗುತ್ತವೆ. ಆಮೇಲೆ ಜ, ವ, ಮ, ಬ, ನ. ಮಕ್ಕಳಿಗೆ ಮಾಡಿದ್ದಾದರೂ ದೊಡ್ಡವರಿಗೂ ಇದೇ ಕ್ರಮ ಚೆನ್ನಾಗಿ ಹೊಂದುತ್ತದೆ. ಮೊದಲ ದಿನವೇ "ದರ" ಓದಿದವರು ಮನೆಗೆ ಹೋಗುವಾಗ ತರಕಾರಿ ಅಂಗಡಿ ಬೋರ್ಡ್ ನೋಡಿಕೊಂಡು ಹೋಗುತ್ತಾರೆ.

ನಾವು ಇದಕ್ಕೆ ಸೇರಿಸಿದ್ದು ಬಸ್ ಬೋರ್ಡು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಒಬ್ಬೊಬ್ಬರೇ ಬಸ್ ಬದಲಾಯಿಸಿಕೊಂಡು ಓಡಾಡುವುದು ನಮ್ಮ ಕಡೆ ಜಾಸ್ತಿಯಾಯಿತು, ಟಿಕೆಟಿಗೆ ದುಡ್ಡು ಕೊಡಬೇಕಾಗಿಲ್ಲ, ಆದರೆ ಬಸ್ ಯಾವುದು ಅಂತ ಬೇರೆಯವರನ್ನು ಕೇಳುವುದು ಮಾತ್ರ ನಿಂತಿಲ್ಲ. ನ, ಗ, ರ ಕಲಿತ ದಿನ "ನಗರ" ಬರೆಯಿರಿ. ವಿಜಯನಗರ, ಜಯನಗರ, ಶಿವಾಜಿನಗರ, ರಾಜಾಜಿನಗರ, ಈ ಊರಿನ ಎಷ್ಟೋ ಬೋರ್ಡುಗಳ ಬಾಲ ಅವರಿಗೆ ಗೊತ್ತಾದ ಹಾಗೆ. ಜ, ಯ ಸೇರಿಸಿದರೆ "ಜಯನಗರ" ಪೂರ್ತಿ ಓದಬಹುದು, ಒಂದು ಗುಣಿತ ಇಲ್ಲ, ಒಂದು ಒತ್ತು ಇಲ್ಲ. ಈ ಊರಿಗೆ ಇಂಥ ಹೆಸರಿಟ್ಟವರಿಗೆ ದೊಡ್ಡ ನಮಸ್ಕಾರ.

ಮುಂದಿನ ಪಾಠಗಳನ್ನೂ ಊರಿನ ಬಾಲಗಳೇ ಕಲಿಸುತ್ತವೆ. "ಪುರ" ತಂದರೆ ಕೊಂಬು ಬಂತು. "ಪಾಳ್ಯ" ತಂದರೆ ಇಳಿ ಮತ್ತು ಯ ಒತ್ತು ಬಂತು. "ಹಳ್ಳಿ"ಯಲ್ಲಿ ಗುಡಿಸು ಮತ್ತು ಳ ಒತ್ತು, "ಸಂದ್ರ"ದಲ್ಲಿ ಸೊನ್ನೆ ಮತ್ತು ರ ಒತ್ತು. ಕಾಗುಣಿತವನ್ನು ಕ ಕಾ ಕಿ ಕೀ ಅಂತ ಮಗ್ಗಿ ಹಾಗೆ ಹೇಳಿಸಿದರೆ ರಾಗ ನೆನಪಿರುತ್ತದೆ, ಅಕ್ಷರ ನೆನಪಿರುವುದಿಲ್ಲ. ಹಳ್ಳಿ, ಪಾಳ್ಯದಲ್ಲಿ ಕಲಿತ ಒತ್ತು ಮರೆಯುವುದಿಲ್ಲ. ಪ್ರತಿ ದಿನ ಕಣ್ಣಿಗೆ ಬೀಳುತ್ತದಲ್ಲ.

ಎರಡು ಎಚ್ಚರಿಕೆ. ಜನ ಮೆಜೆಸ್ಟಿಕ್ ಅನ್ನುತ್ತಾರೆ, ಬೋರ್ಡಿನಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಅಂತಿರುತ್ತದೆ. ಜನ ಮಾರ್ಕೆಟ್ ಅನ್ನುತ್ತಾರೆ, ಬೋರ್ಡಿನಲ್ಲಿ ಮಾರುಕಟ್ಟೆ. ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಓದು ಬಂದರೂ ಬಸ್ ತಪ್ಪುತ್ತದೆ. ಇನ್ನೊಂದು, ಲೈಟಿನ ಬೋರ್ಡುಗಳಲ್ಲಿ ಅಕ್ಷರ ಓಡುತ್ತಾ ಇರುತ್ತದೆ, ನಿಧಾನಕ್ಕೆ ಕೂಡಿಸಿ ಓದುವವರಿಗೆ ಅದು ಸಿಗುವುದಿಲ್ಲ. ಅಂಥವರಿಗೆ ಮೊದಲ ಎರಡು ಅಕ್ಷರ ಹಿಡಿಯುವ ಅಭ್ಯಾಸ ಮಾಡಿಸಿ.

ಹೆಸರಿನ ವಿಷಯ. ಎಲ್ಲರಿಗೂ ಮೊದಲು ಬೇಕಾಗಿರುವುದು ಸ್ವಂತ ಹೆಸರು ಬರೆಯುವುದು. ಕಮಲ, ಸರಳ ಅಂತ ಇದ್ದರೆ ಅರ್ಧ ಗಂಟೆ ಸಾಕು. ಮುನಿಲಕ್ಷ್ಮಮ್ಮ ಅಂತ ಇದ್ದರೆ? ಕ್ಷ್ಮ ಅನ್ನುವುದು ಒತ್ತಿನ ಗೊಂಚಲು, ಅದನ್ನು ಬಿಡಿಸಿ ಹೇಳಲು ಹೋದರೆ ಅವರು ಹೆದರುತ್ತಾರೆ. ಮೊದಲಿಗೆ ರಂಗೋಲಿ ಥರ ಕಲಿಸಿ, ಒಂದು ಚಿತ್ರ ಅಂತ. ನಿಜವಾಗಲೂ ರಂಗೋಲಿ ಹಾಕುವ ಕೈಗೆ ಕನ್ನಡದ ಸುಳಿ ಬೇಗ ಒಲಿಯುತ್ತದೆ. ಒತ್ತಿನ ಪಾಠ ಬಂದಾಗ ಅದೇ ಹೆಸರನ್ನು ಬಿಚ್ಚಿ ತೋರಿಸಿ.

ತಪ್ಪು ತಿದ್ದುವಾಗ ಹುಷಾರು. ನಮ್ಮ ಹಳೇ ಮೈಸೂರು ಕಡೆ ಹಳ್ಳಿಗೆ ಅಳ್ಳಿ, ಹಾಲಿಗೆ ಆಲು ಅನ್ನುತ್ತಾರೆ. ಅವರು ಹಾಗೇ ಬರೆಯುತ್ತಾರೆ, ಕಿವಿಗೆ ಕೇಳಿದ್ದನ್ನು ಬರೆದಿದ್ದಾರೆ ಅಂದರೆ ಓದುವ ಕೆಲಸದ ಗುಟ್ಟು ಸಿಕ್ಕಿದೆ ಅಂತ ಅರ್ಥ. ನಗುವವರನ್ನು ಕ್ಲಾಸಿನಿಂದ ಹೊರಗೆ ಕಳಿಸಿ, ಅದು ನೀವೇ ಆಗಿದ್ದರೂ. "ನಾವು ಆಲು ಅಂತೀವಿ, ಪ್ಯಾಕೆಟ್ ಮೇಲೆ ಹಾಲು ಅಂತ ಇರುತ್ತೆ" ಅಂದರೆ ಸಾಕು, ಒಂದು ಪ್ಯಾಕೆಟ್ ತಂದು ತೋರಿಸಿ. ಶಿವಾಜಿನಗರವನ್ನು ಸಿವಾಜಿನಗರ ಅಂತ ಬರೆದವರಿಗೂ ಹೀಗೇ. ಭ, ಧ, ಥ ಅಂಥ ಅಕ್ಷರಗಳ ವ್ಯತ್ಯಾಸ ಕೊನೆಗೆ ಇಟ್ಟುಕೊಳ್ಳಿ.

ಲೆಕ್ಕದಲ್ಲಿ ಅವರೇ ನಿಮಗಿಂತ ಮುಂದೆ. ಇಪ್ಪತ್ತು ಜನರ ಚೀಟಿ ನಡೆಸುವಾಕೆ ಬಾಯಲ್ಲೇ ಕಮಿಷನ್ ಕಳೆದು ಪಾಲು ಹಾಕುವಾಗ ನಾನು ಫೋನಿನ ಕ್ಯಾಲ್ಕುಲೇಟರ್ ತೆಗೆದಿದ್ದೆ. ಬಾಯಿ ಲೆಕ್ಕವನ್ನು ಕಾಗದಕ್ಕೆ ಇಳಿಸುವುದಷ್ಟೇ ನಿಮ್ಮ ಕೆಲಸ.

ಹೆಜ್ಜೆ 6: ಬ್ಯಾಗಿನಲ್ಲಿ ಇರುವುದನ್ನು ತರಿಸಿ

ಎರಡನೇ ತಿಂಗಳಿಂದ ಪಾಠದ ಪುಸ್ತಕ ಪಕ್ಕಕ್ಕಿಡಿ. ಬೆಸ್ಕಾಂ ಬಿಲ್ಲು, ರೇಷನ್ ಕಾರ್ಡು, ಸಂಘದ ಪಾಸ್‌ಬುಕ್ಕು, ಮಗುವಿನ ಶಾಲೆಯ ಡೈರಿ, ಮದುವೆ ಕಾರ್ಡು, ಏನಿದ್ದರೂ ತರಲಿ. ಮದುವೆ ಕಾರ್ಡು ಎಲ್ಲರಿಗೂ ಇಷ್ಟ, ಅದರಲ್ಲಿ ಊಟದ ಟೈಮ್ ಹುಡುಕುವುದೇ ಒಂದು ಆಟ. ಹಣ ತೆಗೆಯುವ ಚಲನ್ ಬ್ಯಾಂಕಿನಿಂದ ಒಂದಷ್ಟು ತಂದಿಟ್ಟುಕೊಂಡು ತುಂಬಿಸಿ. ಆದರೆ ಎಟಿಎಂ ಪಿನ್, ಓಟಿಪಿ ನೀವು ಕೇಳಲೂಬೇಡಿ, ಅವರು ಹೇಳಿದರೂ ಕಿವಿ ಮುಚ್ಚಿಕೊಳ್ಳಿ. ಆಧಾರ್ ಜೆರಾಕ್ಸ್ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ.

ಇದರ ಜೊತೆಗೆ ಅವರ ಮಾತನ್ನೇ ಪಾಠ ಮಾಡಿ. "ಬೆಳಗ್ಗೆ ಏನು ಮಾಡಿದಿರಿ" ಅಂತ ಕೇಳಿ, ಅವರು ಹೇಳಿದ ನಾಲ್ಕು ಸಾಲನ್ನು ಹೇಳಿದ ಹಾಗೇ ಬೋರ್ಡಿನ ಮೇಲೆ ಬರೆಯಿರಿ. "ಬತ್ತೀನಿ" ಅಂದರೆ ಬತ್ತೀನಿ. ತಾವು ಆಡಿದ್ದನ್ನು ತಾವೇ ಓದಿದಾಗ ಮುಖ ನೋಡಬೇಕು ನೀವು. ಪುಸ್ತಕದ "ಬರುತ್ತೇನೆ" ಆಮೇಲೆ ಬರಲಿ.

ಮೊಮ್ಮಕ್ಕಳಿಗೆ ಓದಿ ಹೇಳಬೇಕು ಅನ್ನುವವರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ, 2015ರಿಂದ ನಡೆಯುತ್ತಿದೆ. ಕನ್ನಡದ ಕಥೆಗಳು ಪುಕ್ಕಟೆ ಸಿಗುತ್ತವೆ, ಪ್ರಿಂಟ್ ಹಾಕಿಕೊಳ್ಳಬಹುದು. ನೋಟ್‌ಬುಕ್, ಸ್ಲೇಟು, ಬಳಪ ಒಟ್ಟಿಗೆ ತರಲು ಅವೆನ್ಯೂ ರಸ್ತೆಗೆ ಹೋಗಿ.

ಹೆಜ್ಜೆ 7: ಹಾಜರಿ, ಪರೀಕ್ಷೆ, ದುಡ್ಡು

ಎರಡು ಕ್ಲಾಸ್ ಸತತ ತಪ್ಪಿಸಿದವರ ಮನೆಗೆ ಹೋಗಿ. ಫೋನ್ ಸಾಲದು. ಹೋದಾಗ ಪಾಠದ ಮಾತೆತ್ತಬೇಡಿ, ಹೇಗಿದ್ದೀರಿ ಅಂತ ಕೇಳಿ ಬನ್ನಿ. ಮಾರ್ಗಶಿರದಲ್ಲಿ ಓಂ ಶಕ್ತಿ ಮಾಲೆ, ಯುಗಾದಿಗೆ ಊರು, ಬೇಸಿಗೆಯಲ್ಲಿ ಊರ ಹಬ್ಬ, ಇವನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ರಜ ಕೊಟ್ಟುಬಿಡಿ.

ಸರ್ಟಿಫಿಕೇಟ್ ಬೇಕು ಅನ್ನುವವರಿಗೆ ಕೇಂದ್ರದ ಉಲ್ಲಾಸ್ ಕಾರ್ಯಕ್ರಮ ಇದೆ, 2022ರಿಂದ 2027ರವರೆಗೆ, 15 ವರ್ಷ ದಾಟಿದವರಿಗೆ. ಅದರ ಪರೀಕ್ಷೆ 150 ಅಂಕದ್ದು, ಓದು, ಬರಹ, ಲೆಕ್ಕಕ್ಕೆ ತಲಾ 50. ಆಪ್‌ನಲ್ಲಿ ಸ್ವಯಂಸೇವಕರಾಗಿ ನೀವೂ ಹೆಸರು ಸೇರಿಸಬಹುದು. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಲೋಕ ಶಿಕ್ಷಣ ನಿರ್ದೇಶನಾಲಯ. ಬಲವಂತ ಬೇಡ, ಪರೀಕ್ಷೆ ಅನ್ನುವ ಪದ ಕೇಳಿದರೇ ಬರುವುದು ನಿಲ್ಲಿಸುವವರು ಇದ್ದಾರೆ. ನಮ್ಮ ಪರೀಕ್ಷೆ ಬಸ್ ಸ್ಟಾಪಿನಲ್ಲಿ ನಡೆಯುತ್ತದೆ. ಹತ್ತು ಬಸ್ ಹೋಗುವವರೆಗೆ ನಿಂತು ಬೋರ್ಡ್ ಓದುವುದು, ಆಮೇಲೆ ಟೀ.

ದುಡ್ಡಿನ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಮೊದಲ ವರ್ಷ ನೋಂದಣಿ ಬೇಡ, ಕೈಯಿಂದ ಹಾಕಿ ನಡೆಸಿ. ಎರಡು ಬ್ಯಾಚ್ ನಿಂತ ಮೇಲೆ ಟ್ರಸ್ಟ್ ಮಾಡಬಹುದು, ಅಥವಾ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಮಾಡಬಹುದು, ಅದಕ್ಕೆ ಕನಿಷ್ಠ ಏಳು ಜನ ಬೇಕು. ಹೊರದೇಶದ ಪ್ರಜೆಯಿಂದಲೋ ಸಂಸ್ಥೆಯಿಂದಲೋ ಒಂದು ರೂಪಾಯಿ ಬಂದರೂ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಬೇಕು, ಅಮೆರಿಕದಲ್ಲಿರುವ ನಿಮ್ಮ ಭಾವನ ಸ್ನೇಹಿತರು ಕಳಿಸುತ್ತೇನೆ ಅಂದರೆ ಮೊದಲು ಆಡಿಟರನ್ನು ಕೇಳಿ.

ಹೆಜ್ಜೆ 8: ಕೈ ಬದಲಾಯಿಸುವ ಪುಸ್ತಕ

ಹೇಳಿಕೊಡುವವರು ಬದಲಾಗುತ್ತಲೇ ಇರುತ್ತಾರೆ. ಮದುವೆ, ಕೆಲಸ, ಮನೆ ಬಾಡಿಗೆ ಜಾಸ್ತಿಯಾಗಿ ಏರಿಯಾ ಬಿಡುವುದು, ಬೆಂಗಳೂರಲ್ಲಿ ಇದೆಲ್ಲ ಮಾಮೂಲಿ. ಅದಕ್ಕೇ ರೂಮಿನಲ್ಲೇ ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ಕ್ಲಾಸ್ ಮುಗಿದ ಮೇಲೆ ಐದು ನಿಮಿಷ ಕೂತು, ಯಾರು ಎಲ್ಲಿಗೆ ಬಂದರು, ಎಲ್ಲಿ ಸಿಕ್ಕಿಹಾಕಿಕೊಂಡರು ಅಂತ ಬರೆಯಿರಿ. ವಾಟ್ಸಾಪ್‌ನಲ್ಲಿ ಬರೆದರೆ ಗುಡ್ ಮಾರ್ನಿಂಗ್ ಫೋಟೋಗಳ ಅಡಿಯಲ್ಲಿ ಹೂತುಹೋಗುತ್ತದೆ. ನಮ್ಮ ಪುಸ್ತಕದ ಕಳೆದ ವಾರದ ಪುಟ ಹೀಗಿದೆ: "ಒಂಬತ್ತು ಜನ. ಸಂದ್ರ ಎಲ್ಲರಿಗೂ ಬಂತು. ಸೊಪ್ಪಿನ ಅಕ್ಕನಿಗೆ ವ, ಮ ಇನ್ನೂ ಗೊಂದಲ. ಹಿಂದಿನ ಸಾಲಿನ ಅಮ್ಮನ ಕನ್ನಡಕದ ಕಡ್ಡಿ ಮುರಿದಿದೆ, ದಾರ ಕಟ್ಟಿಕೊಂಡು ಬಂದಿದ್ದರು, ರಿಪೇರಿ ಮಾಡಿಸಬೇಕು. ಬಳಪ ಖಾಲಿ. ನೀರು ಬಿಡುವ ದಿನ ಮತ್ತೆ ಬದಲಾಗಿದೆಯಂತೆ, ಗುರುವಾರ ಕ್ಲಾಸ್ ಬೇಡ."